ಪಂಕ್ತಿಯಲ್ಲಿ ಕೂತ ಬ್ಯಾಟರಿಗಳು

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತು ಎನ್ನುತ್ತೇವಲ್ಲ, ಒಳಗಿರುವ ಸೆಲ್‌ಗಳೆಲ್ಲ ಸತ್ತಿರುವುದಿಲ್ಲ. ಎಷ್ಟೋ ಸಲ ಸೋತದ್ದು ಒಂದೋ ಎರಡೋ; ಉಳಿದವು ಅವುಗಳ ಸಹವಾಸದಲ್ಲಿ ಗುಜರಿ ಸೇರುತ್ತವೆ. ತುಕ್ಕು ಹಿಡಿದದ್ದನ್ನು, ತೀರಾ ಬರಿದಾದದ್ದನ್ನು ಬದಿಗಿಟ್ಟು, ಉಳಿದ ಮೂರನ್ನು ಸಾಲಾಗಿ ಜೋಡಿಸಿ, ಕರೆಂಟು ಹೋದಾಗ ಮನೆಯಲ್ಲೊಂದು ದೀಪ ಉರಿಸಬೇಕೆಂಬುದು ನನ್ನ ಹಂಬಲ.

ಜೋಡಿಸುವುದು ಸುಲಭ, ಚಾರ್ಜ್ ಮಾಡುವುದು ಕಷ್ಟ. ಇಂಥ ಲಿಥಿಯಂ ಸೆಲ್ಲಿಗೆ 4.2 ವೋಲ್ಟ್ ಬಂತೆಂದರೆ ಹೊಟ್ಟೆ ತುಂಬಿತು. ಮೂರಕ್ಕೆ 12.6. ಸಾಲಿನ ಎರಡು ತುದಿಗೆ ಅಷ್ಟು ಕೊಟ್ಟರಾಯಿತಲ್ಲ ಎನ್ನಬಹುದು. ಆದರೆ 4.0, 4.2, 4.4 ಕೂಡಿದರೂ 12.6 ತಾನೇ? ಒಂದಕ್ಕೆ ಹಸಿವು, ಇನ್ನೊಂದಕ್ಕೆ ಅಜೀರ್ಣ; ತುದಿಯಲ್ಲಿ ನಿಂತ ಚಾರ್ಜರಿಗೆ ಮಾತ್ರ ಲೆಕ್ಕ ಸರಿ! ಮದುವೆಮನೆಯ ಪಂಕ್ತಿಯಲ್ಲಾದರೆ ಸಾಕೆಂದು ಎಲೆಗೆ ಕೈ ಅಡ್ಡ ಹಿಡಿಯಬಹುದು. ಸಾಲಿನ ಸೆಲ್ಲಿಗೆ ಆ ಸ್ವಾತಂತ್ರ್ಯವಿಲ್ಲ; ಒಂದರೊಳಗೆ ಹರಿದ ಕರೆಂಟೇ ಎಲ್ಲದರೊಳಗೂ ಹರಿಯಬೇಕು. ಇನ್ವರ್ಟರಿನ ಸೀಸದ ಬ್ಯಾಟರಿ ಈ ಅತಿಯನ್ನು ಒಂದಿಷ್ಟು ಸಹಿಸುತ್ತದೆ. ಒಳಗಿನ ನೀರು ಗುಳ್ಳೆಯಾಗಿ ಹೋಗುತ್ತದೆ, ನಾವು ಡಿಸ್ಟಿಲ್ಡ್ ವಾಟರ್ ಸುರಿಯುತ್ತೇವೆ. ಲಿಥಿಯಂ ಸಹಿಸದು, ಬಿಸಿಯೇರಿ ಬೆಂಕಿಯಾದೀತು.

ಹಾಗಾದರೆ ಒಂದೊಂದಕ್ಕೂ ಬೇರೆಬೇರೆ ಬಡಿಸೋಣ. ಅಲ್ಲೂ ಒಂದು ತೊಡಕು. ಮೊದಲ ಸೆಲ್ಲಿನ ಪಾಸಿಟಿವ್ ತುದಿಯೇ ಎರಡನೆಯದರ ನೆಗೆಟಿವ್. ಒಂದೇ ಅಡಾಪ್ಟರಿನಿಂದ ಮೂರು ಚಾರ್ಜರಿಗೆ ತಂತಿ ಎಳೆದರೆ ನೆಗೆಟಿವ್‌ಗಳೆಲ್ಲ ಕೂಡಿಕೊಂಡು ಸೆಲ್ ಶಾರ್ಟ್ ಆಗುತ್ತದೆ. ಆದ್ದರಿಂದ ಮೂರು ಮೊಬೈಲ್ ಅಡಾಪ್ಟರುಗಳೇ ಬೇಕು. ಪ್ರತಿಯೊಂದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರು ಒಂದರ ಸೋಂಕು ಇನ್ನೊಂದಕ್ಕೆ ತಾಗದಂತೆ ಕಾಯುತ್ತದೆ. ಪ್ರತಿ ಅಡಾಪ್ಟರಿನ ಮುಂದೆ ಟಿಪಿ 4056 ಎಂಬ ಚಿಪ್ ಕೂರಿಸಿದ ಬೆರಳುದ್ದದ ಬೋರ್ಡು. ಅದು ಸೆಲ್ಲನ್ನು 4.2ರವರೆಗೆ ಏರಿಸಿ ಅಲ್ಲಿಯೇ ಹಿಡಿದು, ಕರೆಂಟು ಹತ್ತರಲ್ಲೊಂದು ಪಾಲಿಗೆ ಇಳಿದಾಗ ನಿಲ್ಲಿಸುತ್ತದೆ.

ಈಗ ನನ್ನ ಮೇಜಿನ ಮೇಲೆ ಮೂರು ಬೋರ್ಡು, ಮೂರು ಕೆಂಪು ದೀಪ. ಎರಡು ಬೇಗ ಬಣ್ಣ ಬದಲಿಸುತ್ತವೆ. ಬಳಲಿದ ಮೂರನೆಯದು ನಿಧಾನ. ಇರಲಿ, ಅದನ್ನು ಅವಸರಪಡಿಸುವವರು ಯಾರೂ ಇಲ್ಲ.

ಆದರೆ ಎಂಥ ಚಾರ್ಜರೂ ಮುದಿ ಸೆಲ್ಲಿಗೆ ಹರೆಯ ತಂದುಕೊಡಲಾರದು. ದೀಪ ಉರಿಯುವಾಗ ಮೊದಲು ಬರಿದಾಗುವುದು ಅದೇ. ಅದು 3 ವೋಲ್ಟಿಗೆ ಇಳಿದೊಡನೆ, ಉಳಿದೆರಡರಲ್ಲಿ ಎಷ್ಟೇ ಇರಲಿ, ದೀಪ ಆರಿಸಬೇಕು. ಇಲ್ಲವಾದರೆ ಅದು ಕೆಡುತ್ತದೆ. ಹಾಗಾಗಿ ಖರ್ಚಿನ ವೇಳೆಯಲ್ಲೂ ಒಂದೊಂದರ ಮೇಲೂ ಕಣ್ಣಿಡಬೇಕು. ಬಡಿಸುವಾಗ ಒಬ್ಬೊಬ್ಬರ ಹಸಿವು ನೋಡಿ ಬಡಿಸಬಹುದು. ಏಳುವಾಗ ಮಾತ್ರ ಪಂಕ್ತಿ ಒಟ್ಟಿಗೇ ಏಳಬೇಕು.