ಇಳಿಗೆ ಮುಂಚೆ ನುಕ್ತಾ

10 ಜೂನ್ 2025, ಮಂಗಳವಾರ

ಬಕ್ರೀದ್ ಕಳೆಯಿತು. ಮೊಹರಂ ಹುಟ್ಟುವುದರೊಳಗೆ ನಿಕಾಹ್ ಮುಗಿಸಬೇಕೆನ್ನುವವರೆಲ್ಲ ಒಟ್ಟಿಗೇ ಕಾರ್ಡಿಗೆ ಬರುತ್ತಿದ್ದಾರೆ. ನಮ್ಮ ರಾಜೀವನಗರದಲ್ಲಿ ಡಿಟಿಪಿ ಅಂದರೆ ಉರ್ದುವಿಗೆ ಇನ್‌ಪೇಜ್, ಕನ್ನಡಕ್ಕೆ ನುಡಿ, ಎರಡೂ ಬರಬೇಕು.

ಚಾಚಾ ಒಬ್ಬರು ಹಿರಿ ಮಗಳ ಕಾರ್ಡಿನ ಹಳೇ ಮ್ಯಾಟರನ್ನು ವಾಟ್ಸಾಪ್ ಮಾಡಿದ್ದರು. "ಹೆಸರು, ತಾರೀಕು ಬದಲಾಯಿಸಿದ್ರೆ ಆಯ್ತಲ್ಲ ಬೇಟಾ?" ಹೊಸ ಲ್ಯಾಪ್‌ಟಾಪಿನ ನೋಟ್‌ಪ್ಯಾಡಿನಲ್ಲಿ ತೆರೆದರೆ ಕನ್ನಡದ ಸುಳಿವೇ ಇಲ್ಲ. 'ಕನ್ನಡ' ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಪಕ್ಕದಲ್ಲೇ ಬ್ರಿಟಿಷರ ಪೌಂಡ್ ಚಿಹ್ನೆ! ಪೌಂಡೇ ನಮ್ಮ 'ನ'. ಹಳೇ ನುಡಿಯ ಫೈಲಿನಲ್ಲಿ ಇರುವುದೇ ಲ್ಯಾಟಿನ್ ಅಕ್ಷರ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೇ. ನುಡಿ 01 ಇ ಹಾಕಿದೆ, ಕನ್ನಡ ಬಂತು. ಆದರೆ ನೋಟ್‌ಪ್ಯಾಡಿನಲ್ಲಿ ಇಡೀ ಫೈಲಿಗೆ ಒಂದೇ ಫಾಂಟು. ಶಾದಿಮಹಲಿನ ಇಂಗ್ಲಿಷ್ ವಿಳಾಸ ಒತ್ತು-ಕೊಂಬುಗಳ ಚೂರಾಯಿತು. ಕನ್ನಡದ ಸಾಲುಗಳನ್ನಷ್ಟೇ ಯೂನಿಕೋಡಿಗೆ ಕನ್ವರ್ಟ್ ಮಾಡಿಟ್ಟೆ.

11 ಜೂನ್, ಬುಧವಾರ

ಮದುಮಗಳು ತನ್ನ ಹೆಸರನ್ನು ತಾನೇ ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ್ದಾಳೆ: ಫ಼ಾತಿಮಾ. ಫ ಕೆಳಗಿನ ಚುಕ್ಕಿ ಗುರುತು, ನುಕ್ತಾ, ಇರಲೇಬೇಕಂತೆ. ಅವಳ ಫೋನಿನಲ್ಲಿ ಸರಿಯಾಗಿದೆ, ನನ್ನಲ್ಲಿ ಚುಕ್ಕಿಗಳದೊಂದು ಸುತ್ತು, ಅದರ ಕೆಳಗೆ ನುಕ್ತಾ. ನಿರ್ಮಲಾ ಫಾಂಟು ತೆಗೆದು ತುಂಗಾ ಹಾಕಿದೆ, ನೋಟೋ ಹಾಕಿದೆ, ಸುತ್ತು ಹೋಗಲಿಲ್ಲ. ಕೊನೆಗೆ ಬ್ಯಾಕ್‌ಸ್ಪೇಸ್ ಒತ್ತುತ್ತ ಒಂದೊಂದೇ ಅಳಿಸಿ ನೋಡಿದರೆ, ಫ ಆದಮೇಲೆ ಇಳಿ, ಇಳಿಯಾದಮೇಲೆ ನುಕ್ತಾ. ನುಕ್ತಾ ವ್ಯಂಜನಕ್ಕೆ ಅಂಟಬೇಕು, ಇಳಿ ಆಮೇಲೆ. ಕೆಲವು ತಂತ್ರಾಂಶ ಈ ತಪ್ಪನ್ನು ಸಹಿಸಿಕೊಳ್ಳುತ್ತದೆ, ಕೆಲವು ಸುತ್ತು ಹಾಕಿ ತೋರಿಸುತ್ತದೆ. ತೋರಿಸುವುದೇ ವಾಸಿ. ಕನ್ನಡಕ್ಕೆ ಯೂನಿಕೋಡಿನಲ್ಲಿ ನುಕ್ತಾ ಸಿಕ್ಕಿದ್ದೇ 2003ರಲ್ಲಿ, 4.0 ಆವೃತ್ತಿಯಲ್ಲಿ, ಅದಕ್ಕೂ ಹಳೆಯ ಫಾಂಟಾದರೆ ಡಬ್ಬಿಯೇ ಗತಿ.

13 ಜೂನ್, ಶುಕ್ರವಾರ

ಪ್ರೆಸ್ಸಿನವರದು ಹಳೇ ಕೋರೆಲ್ ಡ್ರಾ. ಯೂನಿಕೋಡ್ ಹಾಕಿದರೆ ಒತ್ತುಗಳೆಲ್ಲ ಅರ್ಧಚಂದ್ರ ಹೊತ್ತು ಬಿಡಿಬಿಡಿಯಾಗಿ ನಿಲ್ಲುತ್ತವೆ. ಜನ ಇನ್ನೂ ನುಡಿ ಬಿಡದಿರುವುದು ಹಟದಿಂದಲ್ಲ, ಇಂಥ ಮೆಷಿನ್ನುಗಳಿಂದ. "ಕರ್ವ್ ಮಾಡಿ ಕಳ್ಸಿ ಗುರೂ" ಅಂದರು. ನನ್ನ ಹೊಸ ಆವೃತ್ತಿಯಲ್ಲಿ ಕರ್ವ್ ಮಾಡಿ ಕಳಿಸಿದೆ.

ಸಂಜೆ ಚಾಚಾ ಫೋನ್: ಅಳಿಯನ ಹೆಸರಿನ ಮುಂದೆ ಬಿ.ಇ. ಸೇರಿಸಬೇಕು. ಕರ್ವ್ ಆದದ್ದು ಬರೀ ಚಿತ್ರ, ಅಲ್ಲಿ ಟೈಪಿಗೆ ಜಾಗವಿಲ್ಲ. ಯೂನಿಕೋಡ್ ಪ್ರತಿ ಎತ್ತಿಟ್ಟಿದ್ದೆ, ತಿದ್ದಿ ಮತ್ತೆ ಕಳಿಸಿದೆ. ದುಡ್ಡು ಕೇಳಲಿಲ್ಲ.