ಓಡದ ರೈಲಿನ ಲೆಕ್ಕ

ಪುಣೆಗೆ ಬಂದು ಮೂವತ್ತು ವರ್ಷವಾಯಿತು. ಮೊಮ್ಮಗನಿಗೆ ಕನ್ನಡ ಅಷ್ಟಕ್ಕಷ್ಟೆ. ನಮ್ಮಿಬ್ಬರ ಮಾತು ಬೆಳೆಯೋದು ಅವನ ಯುದ್ಧದಾಟದ ಮೇಜಿನ ಮುಂದೆ ಮಾತ್ರ. ಒಂದಂಗುಲದ ಪ್ಲಾಸ್ಟಿಕ್ ಸೈನಿಕರು, 1861–65ರ ಅಮೆರಿಕದ ಅಂತರ್ಯುದ್ಧ. 1862ರ ಏಪ್ರಿಲ್‌ನಲ್ಲಿ ಉತ್ತರದವರು ಜಾರ್ಜಿಯಾದಲ್ಲಿ ‘ಜನರಲ್’ ಎಂಬ ಎಂಜಿನ್ ಕದ್ದೋಡಿದ ಪ್ರಸಂಗ ಆಡಲು ಅವನಿಗೊಂದು ರೈಲು ಬೇಕಾಯಿತು.

ಹಳಿ, ಟ್ರಾನ್ಸ್‌ಫಾರ್ಮರ್ ಸಮೇತ ಸೆಟ್ಟಿನ ಬೆಲೆ ಕೇಳಿ ಪೆನ್ಷನ್ ನೆನಪಾಯಿತು. ಸಾಲದ ಅರ್ಜಿ ನೋಡಿದ ಹಳೇ ಅಭ್ಯಾಸ: ನಿಜಕ್ಕೂ ಅಗತ್ಯವೆಷ್ಟು? ಈ ಆಟದಲ್ಲಿ ರೈಲನ್ನು ಸರದಿ ಬಂದಾಗ ಕೈಯಲ್ಲೇ ಸರಿಸೋದು. ಮೋಟಾರು ಯಾಕೆ? ಸೈನಿಕರ ಅಳತೆ 1:72, ಸುಲಭವಾಗಿ ಸಿಗುವ ಎಚ್‌ಓ ರೈಲು 1:87. ರೈಲು ತುಸು ಚಿಕ್ಕದಾಗುತ್ತೆ, ಅಡ್ಡಿಯಿಲ್ಲ. ಕಾಲಕ್ಕೆ ತಕ್ಕ ರೂಪ ಮುಖ್ಯ: ಮುಂದೆ ನಾಲ್ಕು ಪುಟ್ಟ ಗಾಲಿ, ಹಿಂದೆ ನಾಲ್ಕು ದೊಡ್ಡವು, ಸೌದೆಯ ಕಿಡಿ ತಡೆಯುವ ಅಗಲ ಬಾಯಿಯ ಚಿಮಣಿ.

ಮೋಟಾರು ಸುಟ್ಟ ಹಳೆಯದೊಂದು ಅಗ್ಗಕ್ಕೆ ಸಿಕ್ತು. “ಅಜ್ಜಾ, ಇದು ಓಡಲ್ಲ” ಅಂದ. “ಆ ಜನರಲ್ಲೂ ಕೊನೆಗೆ ಉರುವಲು ತೀರಿ ನಿಂತಿತ್ತಲ್ಲೋ” ಅಂದೆ. ನಕ್ಕ. ತಳ್ಳುತ್ತಾ ‘ಉಗಿಬಂಡಿ’ ಅಂತ ಹೇಳಿಕೊಟ್ಟೆ. ಈಗ ಅವನ ಮರಾಠಿ ಗೆಳೆಯರೂ ಹಾಗೇ ಅಂತಾರೆ.