ನೀರು ಇಳಿದಾಗ ಕಾಣುವ ಋಣ

ದೇಶಾಟನೆಯು ಅರಿವಿನ ಒಂದು ದಾರಿಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಶರಣರಲ್ಲಿಯೂ ಅನೇಕರು ದೂರದ ನಾಡುಗಳಿಂದ ಕಲ್ಯಾಣಕ್ಕೆ ಬಂದವರೇ ಆಗಿದ್ದರು. ಇಂದಿನ ಪ್ರವಾಸಿಗೆ ಪಯಣ ಸುಲಭ. ಅಪರಿಚಿತವಾದ ಕಡಲ ತೀರದಲ್ಲಿ ಜನರು ತೊರೆದುಹೋದ ಮನೆ, ಮಾಡಿಲ್ಲದ ಗುಡಿ ಕಂಡರೆ ಅವನ ಮನಸ್ಸು ಬೆರಗುಗೊಳ್ಳುತ್ತದೆ. ಆದರೆ ಅಲ್ಲಿ ವಾಸಿಸಿದ್ದವರು ಯಾರು, ಏಕೆ ಹೋದರು ಎಂದು ಕೇಳುವವರು ವಿರಳ.

ರಾಮೇಶ್ವರಕ್ಕೆ ಹೋಗುವ ಬೆಳಗಾವಿ ಸೀಮೆಯ ಯಾತ್ರಿಕರಲ್ಲಿ ಹಲವರು ಧನುಷ್ಕೋಟಿಯನ್ನೂ ನೋಡಿ ಬರುತ್ತಾರೆ. 1964ರ ಡಿಸೆಂಬರ್ ತಿಂಗಳಿನಲ್ಲಿ ಬೀಸಿದ ಚಂಡಮಾರುತವು ಆ ಊರನ್ನು ಒಂದೇ ರಾತ್ರಿಯಲ್ಲಿ ಅಳಿಸಿಹಾಕಿತು. ಪ್ರಯಾಣಿಕರಿದ್ದ ರೈಲೊಂದು ಅಲೆಗಳ ಪಾಲಾಯಿತು. ಈಗ ಅಲ್ಲಿ ಮರಳಿನ ನಡುವೆ ಇಗರ್ಜಿಯ ಗೋಡೆಗಳೂ ರೈಲು ನಿಲ್ದಾಣದ ಅವಶೇಷಗಳೂ ನಿಂತಿವೆ.

ಶರಣ ಬಂಧುಗಳೇ, ಇಂಥದೇ ಒಂದು ತೀರ ಹುಕ್ಕೇರಿ ತಾಲೂಕಿನಲ್ಲಿಯೇ ಇದೆ. ಘಟಪ್ರಭೆಗೆ ಹಿಡಕಲ್ ಬಳಿ ಅಣೆಕಟ್ಟು ಕಟ್ಟಿ, 51 ಟಿಎಂಸಿ ನೀರು ನಿಲ್ಲುವ ರಾಜಾ ಲಖಮಗೌಡ ಜಲಾಶಯವನ್ನು ನಿರ್ಮಿಸಿದಾಗ ಹುನ್ನೂರಿನ ವಿಠ್ಠಲ ಗುಡಿ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಆ ಕಲ್ಲಿನ ಗುಡಿ ಮೆಲ್ಲಮೆಲ್ಲನೆ ಮೇಲೇಳುತ್ತದೆ. 2023ರಲ್ಲಿ ಮುಂಗಾರು ತಡವಾದಾಗ ಗುಡಿಯು ತಳದವರೆಗೂ ತೆರೆದುಕೊಂಡು, ಅದನ್ನು ನೋಡಲು ಜನಸಾಗರವೇ ನೆರೆದಿತ್ತು. ಮಳೆ ಬಂದೊಡನೆ ಅದು ಮತ್ತೆ ಮರೆಯಾಗುತ್ತದೆ.

ಎರಡು ತೀರಗಳ ನೋಟ ಒಂದೇ ಬಗೆಯದಾದರೂ ಕಾರಣ ಒಂದೇ ಅಲ್ಲ. ಧನುಷ್ಕೋಟಿಯನ್ನು ಕಡಲು ಕಸಿದುಕೊಂಡಿತು. ಅದರಿಂದ ಯಾರಿಗೂ ಲಾಭವಾಗಲಿಲ್ಲ. ಹಿಡಕಲ್ಲಿನಲ್ಲಿ ನೀರನ್ನು ನಿಲ್ಲಿಸಿದವರು ಮನುಷ್ಯರು, ಮತ್ತು ಆ ನೀರು ಇಂದಿಗೂ ಅನ್ನ ನೀಡುತ್ತಿದೆ. ಜಲಾಶಯದಿಂದ ಬಿಟ್ಟ ನೀರು ನದಿಯಲ್ಲಿ ಹರಿದು, 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಧೂಪದಾಳದ ಒಡ್ಡನ್ನು ಸೇರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆಯ ಮೂಲಕ ಗೋಕಾಕ ಮತ್ತು ಮೂಡಲಗಿ ಭಾಗದ ಹೊಲಗಳಿಗೆ ಹೋಗುತ್ತದೆ. ಕಬ್ಬಿನ ಗದ್ದೆಯಲ್ಲಿ ನಿಂತ ರೈತನಿಗೆ ಹುನ್ನೂರಿನ ಗುಡಿ ಕಾಣುವುದಿಲ್ಲ. ಆದರೂ ಅವನ ಬೆಳೆಯ ಬೇರಿಗೆ ಇಳಿಯುವ ನೀರು ಮತ್ತೊಬ್ಬರ ಹೊಲ, ಮನೆ, ಅಂಗಳಗಳ ಮೇಲೆ ನಿಂತು ಬಂದ ನೀರೇ ಆಗಿದೆ.

ಕೂಡಲಸಂಗಮದಲ್ಲಿಯೂ ನೀರು ಏರಿತು. ನಾರಾಯಣಪುರ ಜಲಾಶಯದ ಹಿನ್ನೀರು ಆವರಿಸುವಲ್ಲಿ, ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಅದನ್ನು ಉಳಿಸಿಕೊಳ್ಳಲಾಯಿತು. ಭಕ್ತರು ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಪುಣ್ಯಸ್ಥಳವನ್ನು ಹೀಗೆ ಕಾಪಾಡಿದ್ದು ಧನ್ಯ ಕಾರ್ಯ. ಸಾಮಾನ್ಯ ಒಕ್ಕಲಿಗನ ಮನೆಗೆ ಅಂಥ ಗೋಡೆ ಕಟ್ಟಲಾಗದು. ಅದನ್ನು ನೆನಪಿನಲ್ಲಿಯೇ ಕಾಯಬೇಕು.

ಸ್ಥಾವರ, ಜಂಗಮ ಎಂಬ ಮಾತುಗಳನ್ನು ಶರಣಧರ್ಮವು ಆಳವಾಗಿ ವಿಚಾರಿಸಿದೆ. ಹುನ್ನೂರಿನ ಗುಡಿ ಅಲ್ಲಿಯೇ ಉಳಿದ ಸ್ಥಾವರ. ಅಲ್ಲಿಂದ ಎದ್ದುಹೋದ ಕುಟುಂಬಗಳು ಇಂದಿಗೂ ಬೇರೆ ಊರುಗಳಲ್ಲಿ ನಡೆದಾಡುತ್ತಿವೆ. ಕಲ್ಲನ್ನು ಕಂಡು ಕೈಮುಗಿಯುವವನು ಆ ಜನರನ್ನು ಕಂಡಾಗಲೂ ಕೈಮುಗಿಯುವುದು ಯುಕ್ತ. ಮುಂದಿನ ಬೇಸಿಗೆಯಲ್ಲಿ ಆ ತೀರಕ್ಕೆ ಹೋಗುವವರು ಚಿತ್ರ ತೆಗೆದುಕೊಂಡು ಮರಳುವ ಮುನ್ನ, ಹತ್ತಿರದ ಊರಿನ ಹಿರಿಯರೊಬ್ಬರ ಬಳಿ ಕುಳಿತು, ಹಳೆಯ ಊರು ಹೇಗಿತ್ತೆಂದು ಕೇಳಲಿ. ಅವರು ಹೇಳುವುದನ್ನು ಸಾವಧಾನದಿಂದ ಆಲಿಸಲಿ.